ಮೊದಲು ಮೂತ್ರ ನೋಡಿದೆ, ಆಮೇಲೆ ನಡಿಗೆ

ತೀರ್ಥಹಳ್ಳಿ ಕಡೆಯ ಸಣ್ಣ ಊರಲ್ಲಿ ನನ್ನ ಕ್ಲಿನಿಕ್ ಇದೆ. ಮಳೆಗಾಲದಲ್ಲಿ ಜ್ವರ, ಉಂಬಳ ಕಚ್ಚಿ ಕೆರೆದುಕೊಂಡ ಗಾಯ. ಅಡಿಕೆ ಕೊಯ್ಲಿನ ಹೊತ್ತಿಗೆ ಸೊಂಟನೋವು. ಇಂಥ ಕಡೆ ಅಪರೂಪದ ಕಾಯಿಲೆ ಎದುರಿಗೇ ಬಂದು ಕೂತರೂ ಗುರುತು ಹತ್ತುವುದಿಲ್ಲ. ನನಗೂ ಹತ್ತಲಿಲ್ಲ.

ಬಂದವನು 22 ವರ್ಷದ ಹುಡುಗ. ಜೊತೆಗೆ ಅಮ್ಮ. ಎರಡೂ ಪಾದ ಬಾತಿದ್ದವು. 100 ಮಿಲಿ ರಕ್ತದಲ್ಲಿ ಆಲ್ಬುಮಿನ್ 2.6 ಗ್ರಾಂ ಇತ್ತು, 3.5 ಆದರೂ ಇರಬೇಕು. ಕೊಲೆಸ್ಟ್ರಾಲ್ 290. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್ ಈ ಆಲ್ಬುಮಿನ್. ಅದು ಇಳಿದರೆ ನೀರು ಹೊರಗೆ ಸೋರಿ ಕಾಲು ಬಾಯುತ್ತದೆ. ಆಲ್ಬುಮಿನ್ ಕಡಿಮೆ, ಕೊಲೆಸ್ಟ್ರಾಲ್ ಜಾಸ್ತಿ, ಮೇಲೆ ಬಾವು. ಈ ಮೂರೂ ಒಟ್ಟಿಗೆ ಕಂಡರೆ ಯಾವ ಡಾಕ್ಟರ ಬಾಯಲ್ಲೂ ಬರುವ ಹೆಸರು ಒಂದೇ: ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿಯಿಂದ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುವ ಕಾಯಿಲೆ.

ಮೂತ್ರ ಪರೀಕ್ಷೆ ಮಾಡಿಸಿದೆ. ಪ್ರೋಟೀನೇ ಇಲ್ಲ. ಲ್ಯಾಬಿನ ಮೇಲೆ ಅನುಮಾನ ಬಂತು. 24 ಗಂಟೆಯ ಮೂತ್ರ ಹಿಡಿದು ತರಲು ಕ್ಯಾನು ಕೊಟ್ಟು ಕಳಿಸಿದೆ. ಮಾರನೇ ದಿನ ಕ್ಯಾನಿನಲ್ಲಿ ಒಂದು ಲೋಟದಷ್ಟು ಇತ್ತು. "ರಾತ್ರಿದೆಲ್ಲ ಚೆಲ್ಬಿಟ್ಟೆ ಡಾಕ್ಟ್ರೇ, ವಾಸ್ನೆ ಬರ್ತಿತ್ತು" ಅಂದರು ಅಮ್ಮ. ತಪ್ಪು ನನ್ನದೇ, ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ಎರಡನೇ ಸಲ ಸರಿಯಾಗಿ ತಂದರು. ಆಗಲೂ ನಾರ್ಮಲ್.

ಹಾಗಾದರೆ ಲಿವರ್ ಇರಬೇಕು ಅಂದುಕೊಂಡೆ. ಆಲ್ಬುಮಿನ್ ತಯಾರಾಗುವುದೇ ಅಲ್ಲಿ ತಾನೆ. ಕಾಮಾಲೆಯ ಪರೀಕ್ಷೆ, ಹೆಪಟೈಟಿಸ್ ಬಿ, ಸಿ, ರಕ್ತ ಹೆಪ್ಪುಗಟ್ಟುವ ಸಮಯ, ಸ್ಕ್ಯಾನು ಎಲ್ಲ ಆಯಿತು. ಜೊತೆಗಿರಲಿ ಅಂತ ಲಿವರ್ ಗೆಡ್ಡೆಯ ಸುಳಿವು ಕೊಡುವ ಎಎಫ್‌ಪಿಯನ್ನೂ ಬರೆದೆ. ಎಲ್ಲವೂ ಸರಿಯಾಗಿದ್ದವು. ಕೊನೆಗೆ ತಪ್ಪನ್ನು ಊಟದ ಮೇಲೆ ಹಾಕಿದೆ. ದಿನಕ್ಕೆ ಎರಡು ಮೊಟ್ಟೆ ಕೊಡಿ ಅಂದೆ. ರಕ್ತದಲ್ಲಿರುವ ಹಳೆಯ ಆಲ್ಬುಮಿನ್ ಅರ್ಧ ಸವೆದು ಹೊಸದು ಬರಲು ಸುಮಾರು 20 ದಿನ ಬೇಕು. ವಾರವಾರ ಅಳೆದರೆ ಏನೂ ಗೊತ್ತಾಗುವುದಿಲ್ಲ, ದುಡ್ಡು ದಂಡ ಅಷ್ಟೇ. ಒಂದೂವರೆ ತಿಂಗಳು ಬಿಟ್ಟು ನೋಡಿದೆ. 2.5.

ಅವತ್ತು ಅವನು ಎದ್ದು ಹೊರಟಾಗ ಮಾತ್ರ ನಾನು ಅವನ ನಡಿಗೆ ನೋಡಿದೆ. ಕಾಲು ಅಗಲ ಇಟ್ಟು, ಗೋಡೆಗೆ ಕೈ ಕೊಟ್ಟು ಹೋಗುತ್ತಿದ್ದ. ಅಷ್ಟು ದಿನ ಅದನ್ನು ಸುಸ್ತು ಅಂದುಕೊಂಡಿದ್ದೆ. ಕರೆದು ಕೂರಿಸಿ ಕೇಳಿದೆ. "ಹತ್ತು ಹನ್ನೊಂದು ವರ್ಷದಿಂದ್ಲೂ ಹಾಗೇ. ಅದಕ್ಕಲ್ಲ ನಾವು ಬಂದಿದ್ದು, ಕಾಲು ಬಾತಿದ್ದಕ್ಕೆ" ಅಂದರು ಅಮ್ಮ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಕೂತರೆ ಬೆರಳು ಕೊಯ್ದುಕೊಳ್ಳುತ್ತಾನಂತೆ. ಪೇಟೆಗೆ ಹೋದರೆ ಕುಡಿದಿದ್ದಾನೆ ಅನ್ನುತ್ತಾರಂತೆ. ಪಕ್ಕದಿಂದ ಅವನ ಹೆಸರು ಹಿಡಿದು ಕರೆದೆ. ಮೊದಲು ತಲೆ ತಿರುಗಿತು, ಕಣ್ಣು ಆಮೇಲೆ ಬಂತು. ಮಂಡಿಗೆ ಸುತ್ತಿಗೆ ತಟ್ಟಿದರೆ ಕಾಲು ಎಗರಲಿಲ್ಲ. ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆ ಆದವರಾ ಅಂದೆ. "ಇವ್ರು ನನ್ನ ಸೋದರಮಾವನೇ" ಅಂದರು.

ರಾತ್ರಿ ಪುಸ್ತಕ ತೆಗೆದು ಕೂತೆ. ಅಟಾಕ್ಸಿಯಾ ಅಂದರೆ ನಡಿಗೆಯ ಸಮತೋಲ ತಪ್ಪುವುದು. ಅದರಲ್ಲಿ ಕಣ್ಣಿನ ಚಲನೆಯೂ ತಡವಾಗುವ ಒಂದು ಬಗೆ ಇದೆ, ಎಒಎ 1 ಅಂತ. ಅದರಲ್ಲಿ ವರ್ಷ ಕಳೆದಂತೆ ಆಲ್ಬುಮಿನ್ ಇಳಿಯುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ. ಜಪಾನಿನ ಡಾಕ್ಟರುಗಳು ಕಡಿಮೆ ಆಲ್ಬುಮಿನ್ ಅನ್ನುವುದನ್ನು ಕಾಯಿಲೆಯ ಹೆಸರಿನಲ್ಲೇ ಸೇರಿಸಿದ್ದಾರೆ. ಕಾರಣವಾದ ಎಪಿಟಿಎಕ್ಸ್ ಜೀನ್ 2001ರಲ್ಲೇ ಗೊತ್ತಾಗಿತ್ತು. ಕಡಿದುಹೋದ ಡಿಎನ್‌ಎ ಎಳೆಯನ್ನು ರಿಪೇರಿ ಮಾಡುವ ಕೆಲಸ ಅದರದ್ದು. ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದೆ. ಜೀನ್ ಪರೀಕ್ಷೆಯಲ್ಲಿ ಅದೇ ಬಂತು. ಗುಣವಾಗುವ ಔಷಧಿ ಇಲ್ಲ. ವ್ಯಾಯಾಮ, ಪ್ರೋಟೀನ್ ಜಾಸ್ತಿ, ಕೊಲೆಸ್ಟ್ರಾಲ್ ಕಡಿಮೆ ಇರುವ ಊಟ. ನನ್ನ ಮೊಟ್ಟೆಯ ಸಲಹೆಯನ್ನು ನಾನೇ ತಿದ್ದಬೇಕಾಯಿತು, ಬಿಳಿ ಭಾಗ ಮಾತ್ರ ಅಂತ. "ಹಾಗಾದ್ರೆ ಹಳದಿ ನಂಗೆ" ಅಂತ ಅಮ್ಮ ನಕ್ಕರು.

ಮೂರು ವರ್ಷ ಬಿಟ್ಟು 17 ವರ್ಷದ ಹುಡುಗಿ ಬಂದಳು. ಕಾಲೇಜಿಗೆ ಹೋಗುವ ದಾರಿಯಲ್ಲಿ ಕಾಲುಸಂಕ ದಾಟುವಾಗ ಎರಡು ಸಲ ಹಳ್ಳಕ್ಕೆ ಬಿದ್ದಿದ್ದಳು. ಈ ಸಲ ಮೊದಲು ನಡೆಸಿ ನೋಡಿದೆ. ಅವತ್ತೇ ಆಲ್ಬುಮಿನ್, ಕೊಲೆಸ್ಟ್ರಾಲ್, ಎಎಫ್‌ಪಿ ಮೂರನ್ನೂ ಬರೆದೆ. ಆಲ್ಬುಮಿನ್ 4.2, ಚೆನ್ನಾಗಿತ್ತು. ಎಎಫ್‌ಪಿ 64. ದೊಡ್ಡವರಲ್ಲಿ 10ಕ್ಕಿಂತ ಕಡಿಮೆ ಇರಬೇಕು.

ಎಎಫ್‌ಪಿ ಅಂದರೆ ಆಲ್ಫಾ ಫೀಟೋಪ್ರೋಟೀನ್. ಹೊಟ್ಟೆಯಲ್ಲಿರುವ ಮಗುವಿನ ಆಲ್ಬುಮಿನ್ ಅನ್ನಬಹುದು. ಎರಡರ ಜೀನ್‌ಗಳೂ ನಾಲ್ಕನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದ ಮನೆಯವು. ಹುಟ್ಟಿದಾಗ ಎಎಫ್‌ಪಿ ಸಾವಿರಗಟ್ಟಲೆ ಇದ್ದು, ವರ್ಷ ತುಂಬುವ ಹೊತ್ತಿಗೆ ಇಳಿದುಬಿಡುತ್ತದೆ. ಆಮೇಲೆ ಏರಿದರೆ ಮೊದಲು ಅನುಮಾನ ಬರುವುದು ಲಿವರ್ ಕ್ಯಾನ್ಸರ್, ಅಂಡಾಶಯದ ಕೆಲವು ಗೆಡ್ಡೆ, ಇಲ್ಲ ಬಸಿರು. ಅಮ್ಮನನ್ನು ಹೊರಗೆ ಕೂರಿಸಿ ಹುಡುಗಿಯನ್ನು ಕೇಳಬೇಕಾಯಿತು. ವಾಪಸ್ ಒಳಗೆ ಬಂದ ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಸಿರು ಇರಲಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲೂ ಏನೂ ಇರಲಿಲ್ಲ.

ನಡಿಗೆಯೂ ತಪ್ಪಿ ಎಎಫ್‌ಪಿಯೂ ಏರುವ ಕಾಯಿಲೆಗಳಲ್ಲಿ ಮುಖ್ಯವಾಗಿ ಉಳಿದದ್ದು ಎರಡು. ಒಂದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ. ಅದು ಸಾಮಾನ್ಯವಾಗಿ ಮಗು ನಡೆಯಲು ಕಲಿಯುವಾಗಲೇ ಶುರುವಾಗುತ್ತದೆ. ಕಣ್ಣಿನ ಬಿಳಿಯಲ್ಲಿ ಕೆಂಪು ನಾಳಗಳು ಕಾಣುತ್ತವೆ, ಎಷ್ಟೋ ಮಕ್ಕಳಿಗೆ ಪದೇಪದೇ ಕಫ ಕಟ್ಟುತ್ತದೆ. ಇವಳಿಗೆ ಇವ್ಯಾವುವೂ ಇರಲಿಲ್ಲ. ಆದರೂ ಎಕ್ಸ್‌ರೇ ಕಿರಣ ಆ ಕಾಯಿಲೆಯವರಿಗೆ ಬಹಳ ಕೆಟ್ಟದ್ದು. ಶಿವಮೊಗ್ಗದಲ್ಲಿ ಒಬ್ಬರು ಆಗಲೇ ತಲೆಯ ಸಿಟಿ ಸ್ಕ್ಯಾನ್‌ಗೆ ಚೀಟಿ ಬರೆದುಕೊಟ್ಟಿದ್ದರು. ಅದರಲ್ಲೂ ಇದೇ ಕಿರಣ. ಅದು ಬೇಡ, ಎಂಆರ್‌ಐ ಮಾಡಿಸಿ ಅಂದೆ. ಕಿರುಮೆದುಳು ಸೊರಗಿತ್ತು. ಎರಡು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಎಎಫ್‌ಪಿ ನೋಡಿದೆ, 66. ಲ್ಯಾಬು ಬದಲಾದರೆ ಅಂಕಿಯೂ ಬದಲಾಗುತ್ತದೆ, ಅದಕ್ಕೇ ಅಲ್ಲಿಗೇ ಕಳಿಸಿದ್ದು. ಗೆಡ್ಡೆ ಆಗಿದ್ದರೆ ಅಷ್ಟರಲ್ಲಿ ಅದು ಏರುತ್ತಾ ಹೋಗಬೇಕಿತ್ತು. ಕೊನೆಗೆ ಎಸ್‌ಇಟಿಎಕ್ಸ್ ಜೀನಿನ ದೋಷ ಅಂತ ತಿಳಿಯಿತು, ಆ ಎರಡರಲ್ಲಿ ಇನ್ನೊಂದು, ಎಒಎ 2.

ಅವಳ ಅಪ್ಪ ಕೇಳಿದ್ದು ಒಂದೇ: "ಸಣ್ಣವಳಿಗೂ ಬರ್ತದಾ?" ತಂದೆ ತಾಯಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ನಕಲು ಇದೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಂದೆ. ತಂಗಿಗೆ ಹನ್ನೆರಡು. ಓಡಾಡಿಕೊಂಡು ಚೆನ್ನಾಗಿದ್ದಾಳೆ. ಲಕ್ಷಣವಿಲ್ಲದ ಮಗುವಿಗೆ ಪರೀಕ್ಷೆಗೆ ನಾನೂ ಒತ್ತಾಯ ಮಾಡಲಿಲ್ಲ. "ಈಗ ಬೇಡ ಡಾಕ್ಟ್ರೇ" ಅಂದರು ಅವರು. ಮುಂದಿನ ಸಲ ಬಂದಾಗ ಸಂಕಕ್ಕೆ ಎರಡೂ ಬದಿ ಅಡಿಕೆ ದಬ್ಬೆ ಕಟ್ಟಿ ಹಿಡಿಕೆ ಮಾಡಿದ್ದೇನೆ ಅಂದರು.