ಹೊಟ್ಟೆನೋವು ಭಾನುವಾರವೂ ಇರುತ್ತಾ?

ಶಾಲೆ ಬೇಡವೆಂದು ಅಳುವ ಮಗುವನ್ನು ಕರೆತಂದಾಗ ನಾನು ಅಳುವಿನ ಬಗ್ಗೆ ಹೆಚ್ಚು ಕೇಳುವುದಿಲ್ಲ. ಗೇಟಿನಲ್ಲಿ ರಂಪ ಮಾಡಿ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಪಕ್ಕದವಳ ರಬ್ಬರ್ ಕಸಿದುಕೊಳ್ಳುವ ಮಗುವಿನ ಬಗ್ಗೆ ನನಗೆ ಚಿಂತೆಯಿಲ್ಲ. ಜೂನ್‌ನಲ್ಲಿ ಎಲ್‌ಕೆಜಿ, ಒಂದನೇ ತರಗತಿಯಲ್ಲಿ ಎರಡು ಮೂರು ವಾರ ಇದು ಇದ್ದದ್ದೇ. ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿ, ಊಟದ ಡಬ್ಬಿಯನ್ನು ಮುಟ್ಟದೆ ವಾಪಸ್ ತರುವ ಮಗುವಿನ ಮೇಲೆ ಕಣ್ಣಿಡಬೇಕು.

ಮನೆಯವರಿಗೆ ಎರಡು ವಾರ ಬರೆದಿಡಲು ಹೇಳುತ್ತೇನೆ: ರಾತ್ರಿ ನಿದ್ದೆ ಬಂದ ಹೊತ್ತು, ನೋವು ಎಲ್ಲಿ, ಎಷ್ಟು ಗಂಟೆಗೆ ಶುರು, ಯಾವಾಗ ಇಳಿಯಿತು, ತಿಂಡಿ ತಿಂದಿತೇ, ಮನೆಯಲ್ಲಿ ಉಳಿದರೆ ದಿನವಿಡೀ ಏನು ಮಾಡಿತು. ಭಾನುವಾರದ ಸಾಲನ್ನು ಬಹಳ ಜನ ಖಾಲಿ ಬಿಡುತ್ತಾರೆ. ನನಗೆ ಬೇಕಾದದ್ದೇ ಅದು. ಬೆಳಿಗ್ಗೆ ಏಳಕ್ಕೆ ಹಿಡಿದು ಶಾಲೆಯ ವ್ಯಾನ್ ಹೋದ ಮೇಲೆ ಬಿಡುವ, ಶನಿವಾರ ಮಧ್ಯಾಹ್ನ ಮಾಯವಾಗಿ ಭಾನುವಾರ ಸಂಜೆ ಮರಳುವ ನೋವು ಆತಂಕದ್ದಿರಬಹುದು. ನಾಟಕವಲ್ಲ, ಹೊಟ್ಟೆ ನಿಜವಾಗಿಯೇ ನೋಯುತ್ತದೆ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಪದೇ ಪದೇ ವಾಂತಿ, ತೂಕ ಇಳಿಯುವುದು, ಮಲದಲ್ಲಿ ರಕ್ತ ಇದ್ದರೆ ಮಾತ್ರ ಮೊದಲು ಮಕ್ಕಳ ವೈದ್ಯರ ಬಳಿ.

ಬರೆದಿಟ್ಟದ್ದರ ಪಕ್ಕದಲ್ಲಿ ಟೈಮ್‌ಟೇಬಲ್ ಇಟ್ಟು ನೋಡುತ್ತೇನೆ. ಮಂಗಳವಾರ, ಗುರುವಾರವಷ್ಟೇ ನೋವು, ಆ ದಿನಗಳಲ್ಲೇ ಎದ್ದು ನಿಂತು ಪಾಠ ಓದಿಸುತ್ತಾರೆ ಎಂದಾದರೆ ಎರಡು ತರಗತಿ ಕೆಳಗಿನ ಪುಸ್ತಕ ಕೊಟ್ಟು ಓದಿಸುತ್ತೇನೆ. ಅದರಲ್ಲೂ ಒತ್ತಕ್ಷರಕ್ಕೆ ತಡವರಿಸಿದರೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕು. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸ್ ಬರುತ್ತಿದ್ದರೆ ಶಾಲೆಯ ಶೌಚಾಲಯ ನೋಡಿ ಬನ್ನಿ. ಕೆಲವೊಮ್ಮೆ ಬೇಕಿರುವುದು ಮನೋವೈದ್ಯರಲ್ಲ, ಬಾಗಿಲಿಗೊಂದು ಚಿಲಕ.

ಭಯ ನಾಲ್ಕು ವಾರ ದಾಟಿದರೆ, ಜೊತೆಗೆ ನಿದ್ದೆ, ಊಟ, ಆಟ ಕೆಟ್ಟಿದ್ದರೆ ತಜ್ಞರಿಗೆ ತೋರಿಸಿ ಎನ್ನುತ್ತೇನೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡಿ ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೂ ಹಾಗೇ. ಇದನ್ನು ಸಂಕೋಚ ಎಂದು ಬಿಟ್ಟು ವರ್ಷಗಳನ್ನೇ ಕಳೆದುಕೊಳ್ಳುತ್ತಾರೆ. ಒಂದಿಡೀ ವಾರ ಶಾಲೆ ತಪ್ಪಿದರೆ ನಾಲ್ಕು ವಾರದ ಲೆಕ್ಕ ಹಿಡಿದು ಕೂರುವುದಿಲ್ಲ. ಮನೆಯಲ್ಲಿ ಉಳಿದ ಕೂಡಲೇ ಭಯ ಇಳಿಯುತ್ತದೆ, ಆ ನೆಮ್ಮದಿಯೇ ಮರುದಿನದ ಬೆಳಗನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಕೈಗೆ ಮೊಬೈಲ್ ಸಿಕ್ಕರಂತೂ ಕೇಳುವುದೇ ಬೇಡ. ‘ಸತ್ತೋಗ್ತೀನಿ’ ಎಂದರೆ, ಕೈ ಕುಯ್ದುಕೊಂಡ ಗುರುತಿದ್ದರೆ ಅದೇ ದಿನ ಆಸ್ಪತ್ರೆ. ಯಾರಾದರೂ ಹೊಡೆಯುವ, ಮೈ ಮುಟ್ಟುವ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಎಲ್ಲಿಗೆ ಹೋದರೂ ಆ ನೋಟ್‌ಬುಕ್ ಮತ್ತು ಶಾಲೆಯ ಹಾಜರಾತಿ ಒಯ್ಯಿರಿ. ಎಲ್ಲಿಗೆಂದೇ ತಿಳಿಯದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೋದ ಕೂಡಲೇ ಮಾತ್ರೆ ಬರೆಯುತ್ತಾರೆಂಬ ಹೆದರಿಕೆ ಬೇಡ. ಸಾಮಾನ್ಯವಾಗಿ ಮೊದಲು ಮಾತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ: ಗೇಟಿನವರೆಗೆ, ಒಂದು ಪೀರಿಯಡ್, ಅರ್ಧ ದಿನ. ‘ಸುಮ್ನೆ ಸುತ್ತಾಡ್ಕೊಂಡು ಬರೋಣ’ ಎಂದು ಸುಳ್ಳು ಹೇಳಿ ಮಾತ್ರ ಕರೆದೊಯ್ಯಬೇಡಿ. ಆ ಕೋಣೆಯಲ್ಲಿ ಮಗು ಬಾಯೇ ಬಿಡುವುದಿಲ್ಲ.