ಯುವಕ ಸಂಘದ ಗೋಡೆಗೆ ಚಿತ್ರ ಬರೆಯೋದು ಹೇಗೆ?

ಬಣ್ಣ ತರುವ ಮುಂಚೆ ಗೋಡೆ ಮುಟ್ಟಿ ನೋಡಿ. ಕೈಗೆ ಸುಣ್ಣ ಅಂಟಿದರೆ ಹಳೇ ಪದರ ಕೆರೆದು ತೆಗೆಯಲೇಬೇಕು, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಚಿತ್ರವೆಲ್ಲ ಹಪ್ಪಳದ ಹಾಗೆ ಎದ್ದು ಬರುತ್ತದೆ. ತೇವದ ಅನುಮಾನ ಇದೆಯಾ? ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ಸದ್ಯಕ್ಕೆ ಬಣ್ಣ ಬೇಡ. ಹೊಸ ಗಾರೆಯಾದರೆ ಕಡಿಮೆ ಅಂದರೂ 28 ದಿನ ಕಾಯಿರಿ.

ಇನ್ನು ಏನು ಬರೆಯೋದು? ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಸಂಘದ ಹುಡುಗ ಹುಡುಗಿಯರನ್ನು ಒಂದು ಸಂಜೆ ಕೂರಿಸಿಕೊಂಡು "ಯಾವ ಚಿತ್ರ ಬೇಕು" ಅಂತ ಕೇಳಿದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಅದರ ಬದಲು "ಇಲ್ಲಿಗೆ ಬಂದು ಏನು ಮಾಡ್ತೀರಾ, ದಾರಿಯಲ್ಲಿ ಏನೇನು ಕಾಣುತ್ತೆ" ಅಂತ ಕೇಳಿ. ಕಬಡ್ಡಿ ಅಂಕಣ, ಡೊಳ್ಳು, ಕೆರೆ ಏರಿ, ಸಂಜೆಯ ಕೊನೇ ಬಸ್ಸು ಎಲ್ಲ ಬರುತ್ತದೆ. ಬಾಯೇ ಬಿಡದ ಒಂದಿಬ್ಬರು ಇರುತ್ತಾರಲ್ವಾ, ಅವರ ಕೈಗೆ ಹಾಳೆ, ಪೆನ್ಸಿಲ್ ಕೊಡಿ. ಬಂದಿದ್ದರಲ್ಲಿ ಎರಡು ಮೂರನ್ನಷ್ಟೇ ಆರಿಸಿ, ರಸ್ತೆಯ ಆಚೆ ನಿಂತವರಿಗೂ ಗುರುತು ಸಿಗುವಷ್ಟು ದೊಡ್ಡದಾಗಿ ಬರೆಯಿರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೆರೆ, ತ್ರಿಕೋನ, ಚೌಕಗಳಲ್ಲೇ ಏನೆಲ್ಲ ಹೇಳಿಬಿಡುತ್ತಾರೆ! ನಾಲ್ಕೈದು ಬಣ್ಣ ಸಾಕು ಅಂತ ನಾನು ಹಠ ಹಿಡಿಯೋದು ಇದಕ್ಕೇ. ಕುಂಚ ಹಿಡಿದು ಅಭ್ಯಾಸವಿಲ್ಲದ ಹುಡುಗರೂ ಆಗ ಕೈಹಾಕಬಹುದು.

20 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಅಂತಿಟ್ಟುಕೊಳ್ಳಿ. ಹಾಳೆಯ ಮೇಲೆ 20 ಇಂಚು, 10 ಇಂಚಿನಲ್ಲಿ ಚಿತ್ರ ಬರೆದು ಅಡ್ಡಕ್ಕೂ ಉದ್ದಕ್ಕೂ ಇಂಚಿಗೊಂದು ಗೆರೆ ಎಳೆಯಿರಿ. ಗೋಡೆಗೆ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಬಳಿಯೋದು) ಮತ್ತು ತಳದ ಬಣ್ಣ ಒಣಗಿದ ಮೇಲೆ ಅಡಿಗೊಂದು ಗೆರೆ. ಬಣ್ಣದ ಪುಡಿ ಹಚ್ಚಿದ ದಾರವನ್ನು ಇಬ್ಬರು ಬಿಗಿಯಾಗಿ ಹಿಡಿದು ಮಧ್ಯದಲ್ಲಿ ಮೀಟಿದರೆ ಗೆರೆ ನೇರವಾಗಿ ಬೀಳುತ್ತದೆ. ಒಂದೊಂದು ಚೌಕ ನೋಡಿಕೊಂಡು ಸೀಮೆಸುಣ್ಣದಲ್ಲಿ ಚಿತ್ರ ಇಳಿಸಿ. ಒಬ್ಬರು ಆಗಾಗ ದೂರ ಹೋಗಿ ನಿಂತು ನೋಡುತ್ತಿರಬೇಕು.

ಬಣ್ಣ ಹೊರಗೋಡೆಯ ಎಮಲ್ಶನ್, ಅಂದರೆ ನೀರು ಬೆರೆಸುವ ಬಣ್ಣ ಆಗಿರಲಿ. ಎನಾಮೆಲ್ (ಎಣ್ಣೆ ಬಣ್ಣ) ಬೇಡ, ಒಳಗಿನ ತೇವ ಹೊರಗೆ ಹೋಗಲು ಜಾಗವಿಲ್ಲದೆ ಚಕ್ಕೆ ಏಳುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗಿನ ಒಂದೂವರೆ ಅಡಿಗೆ ಚಿತ್ರ ಬೇಡ, ಸುಮ್ನೆ ಕೆಮ್ಮಣ್ಣಿನ ಬಣ್ಣ ಬಳಿಯಿರಿ. ಮಳೆ ನೀರು ಸಿಡಿಯೋದು, ಒರಗಿ ನಿಂತವರ ಕಾಲು ತಾಗೋದು ಅಲ್ಲೇ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗಳಿಗೆ ತುಂಬಿ, ಮುಚ್ಚಳದ ಮೇಲೆ ಶೇಡ್ ನಂಬರ್ ಬರೆದು ಸಂಘದಲ್ಲೇ ಇಡಿ. ವರ್ಷಕ್ಕೊಮ್ಮೆ ತೇಪೆ ಹಾಕಲು ಬೇಕಾಗುತ್ತದೆ.