ಚಾರ್ಟಿನಲ್ಲಿ ಎಂಟು ಗಂಟೆ, ಎದೆಯ ಮೇಲೆ ಎರಡು

ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಸ್ಟಾಫ್ ನರ್ಸ್. ನಮ್ಮಲ್ಲಿ ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸುಗಳೇ ಜಾಸ್ತಿ. ಕೆಎಂಸಿ, ಅಂದರೆ ಕೂಸನ್ನು ತಾಯಿಯ ಬರಿ ಎದೆಗೆ ತಾಗಿಸಿ ಕಟ್ಟಿ ಬೆಚ್ಚಗಿಡುವ ಕಾಂಗರೂ ಆರೈಕೆ, ನಮಗೆ ಹೊಸದೇನಲ್ಲ. ಗೋಡೆ ಮೇಲೆ ಪೋಸ್ಟರ್ ಇತ್ತು, ಪ್ರತಿ ಕೂಸಿಗೂ ಒಂದು ಚಾರ್ಟ್ ಇತ್ತು. ಚಾರ್ಟ್ ನಂಬುವುದಾದರೆ ನಮ್ಮ ತಾಯಂದಿರೆಲ್ಲ ದಿನಕ್ಕೆ 8 ಗಂಟೆ ಕೂಸನ್ನು ಎದೆಗೆ ಕಟ್ಟಿಕೊಂಡಿರುತ್ತಿದ್ದರು.

ಅದನ್ನು ಬರೆಯುತ್ತಿದ್ದವಳು ನಾನೇ. ಡ್ಯೂಟಿ ಮುಗಿಯೋ ಹೊತ್ತಿಗೆ, ಉಳಿದ ಕೇಸ್ ಶೀಟುಗಳ ಜೊತೆ, ಒಂದೇ ಉಸಿರಿಗೆ.

1,360 ಗ್ರಾಂ ಇದ್ದ ಒಂದು ಹೆಣ್ಣು ಕೂಸಿನ ತೂಕ ಏರುತ್ತಲೇ ಇರಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರ್ "ಕೆಎಂಸಿ ಎಷ್ಟಾಗ್ತಿದೆ?" ಅಂದರು. ಚಾರ್ಟ್ ತೋರಿಸಿದೆ. ತೋರಿಸುವಾಗ ಮುಖ ಬಿಸಿಯಾಯಿತು. ಹಿಂದಿನ ದಿನ ಆ ತಾಯಿ ಒಳಗೆ ಬಂದದ್ದನ್ನು ನಾನು ಎರಡೇ ಸಲ ನೋಡಿದ್ದೆ. ಮರುದಿನ ಮೂರೂ ಶಿಫ್ಟಿನ ಸಿಸ್ಟರ್‌ಗಳಿಗೆ ಹೇಳಿ, ಗಡಿಯಾರ ನೋಡಿಕೊಂಡೇ ಬರೆಸಿದೆ. 2 ಗಂಟೆ 10 ನಿಮಿಷ.

'ಎಷ್ಟು ಹೇಳಿದರೂ ಇವರು ಕೇಳಲ್ಲ' ಅನ್ನೋದು ನಮ್ಮ ಘಟಕದಲ್ಲಿ ಓಡಾಡುವ ಮಾತು. ನಾನೂ ಅದನ್ನೇ ಹೇಳುತ್ತಿದ್ದೆ. ಅವತ್ತು ಮಾತ್ರ ಸುಮ್ನೆ ಪಕ್ಕದಲ್ಲಿ ಕೂತು, ಯಾಕವ್ವಾ ಅಂತ ಕೇಳಿದೆ. ಆಕೆ ಒಂದೊಂದೇ ಹೇಳಿದಳು. ನಾವು ಕೊಟ್ಟಿದ್ದು ಪ್ಲಾಸ್ಟಿಕ್ ಸ್ಟೂಲು, ಬೆನ್ನಿಗೆ ಆಸರೆಯಿಲ್ಲ, ಹೊಲಿಗೆ ಜಗ್ಗುತ್ತದೆ. ಮೈಮೇಲೆ ನೈಟಿ. ಕೂಸನ್ನು ಒಳಗೆ ಇಟ್ಟುಕೊಳ್ಳಬೇಕೆಂದರೆ ಪೂರ್ತಿ ಮೇಲೆತ್ತಬೇಕು. ಅಲ್ಲಿ ಗಂಡಸರು ಓಡಾಡುತ್ತಾರೆ. ಬಾತ್‌ರೂಮಿಗೆ ಹೋಗಬೇಕೆಂದರೆ ಕೂಸನ್ನು ಹಿಡಿಯುವವರಿಲ್ಲ. ಕೊನೆಗೆ, "ರೌಂಡ್ಸ್ ಬಂತಂದ್ರ ನೀವ ಹೊರಗ ಹೋಗು ಅಂತೀರಲ್ರಿ ಸಿಸ್ಟರ್" ಅಂದಳು. ಏನು ಹೇಳೋದು?

ಒರಗು ಕುರ್ಚಿಗೆ ಬೇಡಿಕೆ ಬರೆದೆವು, ಅದು ಬರುವ ದಾರಿಯಲ್ಲಿ ಬರಲಿ. ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ, ತಲೆಭಾಗ ಮೇಲೇಳುವ ನಾಲ್ಕು ಮಂಚಗಳನ್ನು ಹೊರಗೆ ತೆಗೆಸಿ, ಪಕ್ಕದ ಕೋಣೆಯಲ್ಲಿ ಹಾಕಿ ಪರದೆ ಕಟ್ಟಿದೆವು. ಟೈಲರ್ ಹತ್ತಿರ ಮುಂದೆ ಬಿಚ್ಚುವ ಗೌನ್ ಹೊಲಿಸಿದೆವು. ಕಟ್ಟಲಿಕ್ಕೆ ಹಳೇ ಧೋತರ. ತೊಳೆದು ತೊಳೆದು ಮೆತ್ತಗಾದ ಧೋತರದಷ್ಟು ಒಳ್ಳೆಯ ಕಟ್ಟು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ರೌಂಡ್ಸಿನ ವೇಳೆ ತಾಯಿ ಒಳಗೇ ಇರಬೇಕು ಅನ್ನೋದಕ್ಕೆ ಮಾತ್ರ ಮಂಚಕ್ಕಿಂತ ಹೆಚ್ಚು ಜಗಳ ಆಡಬೇಕಾಯಿತು.

ಕಟ್ಟುವ ರೀತಿ ಕೈಯಲ್ಲೇ ಕಲಿಸಬೇಕು, ಪೋಸ್ಟರಿನಿಂದ ಬರಲ್ಲ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ, ಅಷ್ಟೇ. ಎರಡು ಮೊಲೆಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ. ಕೈಕಾಲು ಕಪ್ಪೆಯ ಹಾಗೆ ಮಡಚಿರಬೇಕು. ತಲೆ ಒಂದು ಪಕ್ಕಕ್ಕೆ, ಗದ್ದ ತುಸು ಮೇಲೆ. ಗದ್ದ ಎದೆಗೆ ಬಾಗಿತೋ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕಟ್ಟಿನ ಮೇಲಂಚು ಕಿವಿಯ ಕೆಳಗೆ ನಿಲ್ಲಬೇಕು, ಹೊಟ್ಟೆಯ ಹತ್ತಿರ ಬಿಗಿ ಇರಬಾರದು. ಕೂತ ಮೇಲೆ ಒಂದು ಗಂಟೆಯಾದರೂ ಇರಬೇಕು, ಹತ್ತು ಹತ್ತು ನಿಮಿಷಕ್ಕೆ ತೆಗೆದು ಇಟ್ಟು ಮಾಡಿದರೆ ಕೂಸಿಗೆ ಸುಸ್ತು.

ಅಜ್ಜಿಯರನ್ನು ಒಪ್ಪಿಸುವುದು ಬೇರೆಯೇ ಕಥೆ. ಆ ಹೆಣ್ಣು ಕೂಸಿನ ಅಜ್ಜಿ ಬಾಗಿಲಲ್ಲೇ ನಿಂತು ಕೂಗಾಡಿದರು. "ಎಣ್ಣಿ ಹಚ್ಚಿ, ನೀರ ಹಾಕಿ, ಲೋಬಾನ ಹಿಡದು ಬೆಚ್ಚಗ ಸುತ್ತಿ ಮಲಗಸೂ ಕೂಸನ್ನ ಅರಬತ್ತಲೆ ಮಾಡ್ತೀರಲ್ರಿ!" ನಾನು ವಾದ ಮಾಡಲಿಲ್ಲ. ಕೂಸಿನ ಪಾದ ಮುಟ್ಟಿ ನೋಡಿ ಅಂದೆ. ಮುಟ್ಟಿದರು, ತಣ್ಣಗಿತ್ತು. ಥರ್ಮಾಮೀಟರ್ 36.1 ಡಿಗ್ರಿ ಸೆಲ್ಸಿಯಸ್ ತೋರಿಸಿತು. 36.5ಕ್ಕಿಂತ ಕೆಳಗೆ ಇಳಿಯಬಾರದು. ಸೊಸೆಯ ಎದೆಗೆ ಕಟ್ಟಿ ಒಂದು ಗಂಟೆಯಾದ ಮೇಲೆ ಮತ್ತೆ ಪಾದ ಮುಟ್ಟಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಂಡು, "ಕೋಳಿ ಕಾವು ಕುಂತಂಗ ಅನ್ರಿ ಹಂಗಾರ" ಅಂದರು. ಅಂದಿನಿಂದ ನಮ್ಮಲ್ಲಿ ಕೆಎಂಸಿಗೆ 'ಕಾವು' ಅಂತಲೇ ಹೆಸರು. ಅದೇ ಅಜ್ಜಿ ಸೊಸೆ ಊಟಕ್ಕೆ ಹೋದಾಗ ತಾವೇ ಗೌನ್ ಹಾಕಿಕೊಂಡು ಕೂತರು. ಅಪ್ಪಂದಿರನ್ನು ಕೂರಿಸಿದ್ದು ಆಮೇಲೆ. ನಾಚುತ್ತಾರೆ, ಆದರೆ ಒಮ್ಮೆ ಕೂತರೆ ಅಲ್ಲಾಡದೆ ಕೂರುತ್ತಾರೆ, ಉಸಿರಾಡಲೂ ಹೆದರಿದವರ ಹಾಗೆ.

ಈ ಪದ್ಧತಿ ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಇನ್‌ಕ್ಯುಬೇಟರ್ ಸಾಲದೆ, ಸೋಂಕು ಹೆಚ್ಚಾಗಿ, ಡಾಕ್ಟರ್ ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಎದೆಗೆ ಕೊಟ್ಟರು. ಅದಕ್ಕೇ ಏನೋ, ನಮ್ಮವರಿಗೆ ಇದು ಇಲ್ಲದವರ ಚಿಕಿತ್ಸೆ ಅನ್ನಿಸಿಬಿಟ್ಟಿದೆ. ನಾವೂ ಮೊದಲು ಕೂಸು ಸುಧಾರಿಸಲಿ, ಆಮೇಲೆ ಕಾಂಗರೂ ಅನ್ನುತ್ತಿದ್ದೆವು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಬಂತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ, 1 ಕೆಜಿಯಿಂದ 1.8 ಕೆಜಿಯೊಳಗಿನ ಕೂಸುಗಳ ಮೇಲೆ ನಡೆದದ್ದು. ಸುಧಾರಿಸುವವರೆಗೆ ಕಾದ ಗುಂಪಿನಲ್ಲಿ 28 ದಿನದೊಳಗೆ ನೂರಕ್ಕೆ 15.7 ಕೂಸುಗಳು ತೀರಿಕೊಂಡಿದ್ದವು, ಹುಟ್ಟಿದ ತಕ್ಷಣ ಶುರು ಮಾಡಿದ ಗುಂಪಿನಲ್ಲಿ 12. ಈಗ ನಮ್ಮ ಡಾಕ್ಟರು ಆಕ್ಸಿಜನ್ ಮೇಲಿರುವ ಕೆಲವು ಕೂಸುಗಳನ್ನೂ ನೋಡಿಕೊಂಡು ತಾಯಿಯ ಎದೆಗೆ ಕೊಡಿಸುತ್ತಾರೆ. ಮಾನಿಟರ್ ತಂತಿ ಪಕ್ಕದಲ್ಲಿ ನೇತಾಡುತ್ತಿರುತ್ತದೆ, ಅಷ್ಟೇ. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದೂ ಅಲ್ಲೇ, ಕಾವಿನಲ್ಲೇ.

ಚಾರ್ಟನ್ನೂ ಬದಲಿಸಿದೆವು. ಒಂದು ಹಾಳೆ, 24 ಖಾನೆ, ಸೂರ್ಯ-ಚಂದ್ರನ ಚಿತ್ರ, ದಾರದಲ್ಲಿ ಕಟ್ಟಿದ ಪೆನ್ಸಿಲ್. ಮಂಚದ ತಲೆಗೆ ನೇತುಹಾಕಿದೆವು. ಕೂಸು ಎದೆಯ ಮೇಲಿದ್ದ ಗಂಟೆಯ ಖಾನೆಗೆ ತಾಯಿಯೇ ಬಣ್ಣ ತುಂಬಬೇಕು. ನಾವು ಆ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಮೊದಲ ವಾರದ ಹಾಳೆಗಳಲ್ಲಿ ನಾಲ್ಕೈದು ಖಾನೆ ಬಿಟ್ಟರೆ ಮಿಕ್ಕಿದ್ದೆಲ್ಲ ಬಿಳಿ. ನೋಡಲು ಬೇಜಾರು, ಆದರೆ ನಿಜ. ಈಗ ಹತ್ತು ದಾಟುವವರು ಇದ್ದಾರೆ.

ರಾತ್ರಿ ಎರಡರಿಂದ ಐದರ ಖಾನೆಗಳು ಮಾತ್ರ ಹೆಚ್ಚಿನ ಹಾಳೆಗಳಲ್ಲಿ ಇನ್ನೂ ಬಿಳಿಯಾಗೇ ಇವೆ. ಆ ಹೊತ್ತಿಗೆ ಡ್ಯೂಟಿಯಲ್ಲಿರುವವಳು ಒಬ್ಬಳೇ ಸಿಸ್ಟರ್. ನಿದ್ದೆಗಣ್ಣಿನ ತಾಯಿಗೆ ಕಟ್ಟಿಕೊಡಲು, ನಡುನಡುವೆ ಗದ್ದ ಎತ್ತಿ ನೋಡಲು ಇನ್ನೊಂದು ಜೊತೆ ಕೈ ಬೇಕು. ಅದಕ್ಕೂ ಬರೆದಿದ್ದೇವೆ.